ಡಾಲಾದ ಮ್ಯಾಲಿನ ಹೆಸರು

ಮೋಟೆಬೆನ್ನೂರ ರೋಡಿನ ಬಾಜು ನಮ್ಮ ವಾಟರ್ ಸರ್ವಿಸಿಂಗು.
ಒಂದು ಬೋರು, ಒಂದು ರ‍್ಯಾಂಪು, ತಗಡಿನ ನೆಳ್ಳು.
ಸೋಮವಾರ ಗುರುವಾರ ಬ್ಯಾಡಗಿ ಪ್ಯಾಟಿ ತುಂಬಿದರ
ಮರುದಿನ ನಮ್ಮ ಮೂಗು ತುಂಬತೈತಿ.

ಬಾಗಲಾ ತಗದ್ರ ಒಂದು ಸೀನು,
ಸೀಟು ಎತ್ತಿದ್ರ ಎರಡು,
ಎಸಿ ಜಾಳಗಿಗೆ ಗಾಳಿ ಹೊಡದ್ರ ಮುಗೀತು:
ನಾನು, ಹುಡುಗ ಕಾಶೀಮ, ಎದುರಿನ ಚಾದಂಗಡಿ ಗಿರಾಕಿ,
ಎಲ್ಲಾರೂ ಕೂಡೇ ಸೀನೂದು.

ಗುಡ್ಡಪ್ಪ ಗಾಡಿ ತಂದು ನಿಲ್ಲಿಸಿದ.
ದೊಡ್ಡ ಪಿಕಪ್ಪು, ಒಂದೂ ಮುಕ್ಕಾಲು ಟನ್ನಿಂದು,
ಬಿಳೇದು ಅಂತ ಆರ್‌ಸಿ ಬುಕ್ಕಿನ್ಯಾಗ ಬರದೈತಿ.
"ಫುಲ್ ಮಾಡು. ಒಳಗ, ಹೊರಗ, ತೆಳಗ. ಪಾಲಿಶ್ ಹೊಡಿ."
ಕೀಲಿ ಕೈಯಾಗ ಇಡೂ ಮುಂದ ಬ್ಯಾರೆ ಕಡೆ ನೋಡಿ,
"ಹಿಂದ ಡಾಲಾದ ಮ್ಯಾಲೆ ಎರಡು ಹೆಸರದಾವಲ್ಲ,
ಒಂದು ತಗಿ" ಅಂದ.

ಯಾವುದಂತ ನಾ ಕೇಳಲಿಲ್ಲ.
ದಲಾಲಿ ಅಂಗಡಿ ಸಾಲಿಗೆಲ್ಲಾ ಗೊತ್ತಿದ್ದದ್ದ ಅದು:
ಗಾಡಿ ಇವಂಗ,
ಕೋಲ್ಡ್ ಸ್ಟೋರೇಜಿನ್ಯಾಗಿನ ನಲವತ್ತು ಚೀಲ ಮಾಲತೇಶಗ,
ಮಾತು ಯಾರಿಗೂ ಇಲ್ಲ.

ತೆಳಗಿಂದ ಚಾಲೂ ಮಾಡಿದೆ.
ಚಾಸಿಗೆ ಎರಿಮಣ್ಣು, ಅದರ ಮ್ಯಾಲೆ ಕೆಮ್ಮಣ್ಣು, ಮತ್ತ ಎರಿ.
ಯಾವ ವಾರ ಯಾವ ಊರಿಗೆ ಹೋಗಿದ್ರು ಅಂತ
ಗನ್ನಿನ ನೀರು ಹಿಂದಿಂದ ಮುಂದಕ ಓದಿಕೋತ ಹೋತು.
ಬಾಡಿ ಮೂಲ್ಯಾಗ, ಕಬ್ಬಿಣದ ಸಂದ್ಯಾಗ,
ಮೆಣಸಿನಬೀಜ ಒಂದು ಮೊಳತು ಎರಡೆಲಿ ಬಿಟ್ಟಿತ್ತು.
ಬೆರಳು ಟ್ರಿಗರ್ ಬಿಡೂದರಾಗ
ಅದು ಗಟಾರಕ್ಕ ಹೋಗಿತ್ತು.

ನೊರಿ ಹೊಡದ್ವಿ. ಗಾಡಿ ಹಿಂಜಿದ ಹತ್ತಿ ಆತು.
ಇಳದ ನೀರು ಕೆಂಪು, ಆಮ್ಯಾಲೆ ಕಂದು,
ಆಮ್ಯಾಲೆ ಚಾದ ಬಣ್ಣ.
ಕಾಶೀಮ ಹಲ್ಲು ತಿಕ್ಕೂ ಬ್ರಶ್ಶಿಲೆ ಡ್ಯಾಶ್‌ಬೋರ್ಡಿನ ಕಿಂಡಿ ತಿಕ್ಕಿದ,
ಕಣ್ಣಾಗ ನೀರು, ಬಾಯಾಗ ಬೈಗುಳ.

ಸೀಟಿನ ತೆಳಗ ಸಿಕ್ಕದ್ದು:
ಟೋಲಿನ ಚೀಟಿ ಒಂದು ಹಿಡಿ,
ಎಡಗಾಲಿಂದು ಒಂದ ಚಪ್ಪಲಿ,
ಎರಡು ಸ್ಟೀಲಿನ ಲೋಟ.
ಒಂದರಾಗೊಂದು ಕೂತು ಬಿಗದುಬಿಟ್ಟಿದ್ವು.
ಜಗ್ಗಿದೆ, ನೆಲಕ್ಕ ಬಡದೆ. ಬರಲಿಲ್ಲ.
ತೊಳದು ಡ್ಯಾಶ್‌ಬೋರ್ಡಿನ ಮ್ಯಾಲೆ ಹಂಗ ಇಟ್ಟೆ.

ಕಡೀಕ ಡಾಲಾ.
ಮನಿಯಾಕಿ ಕೂದಲಾ ಒಣಗಿಸೂ ಮಶೀನು ತರಿಸಿ
ರೇಡಿಯಂ ಅಕ್ಷರಕ್ಕ ಬಿಸಿಗಾಳಿ ಕೊಟ್ಟೆ.
'ಮಾ' ಸಲೀಸಾಗಿ ಎದ್ದು ಬಂತು, ಸಿಪ್ಪಿ ಸುಲದಂಗ.
'ಲ' ಉಗುರಿನ ತುದಿಗೆ ಬಂತು.
'ತೇ' ಹರದು ನಾಕು ತುಕಡಿ,
'ಶ' ಹಟ ಹಿಡೀತು, ಪೆಟ್ರೋಲ್ ಹಚ್ಚಿ ತಿಕ್ಕಿದೆ.

ನಾಕೂ ತಗದು ಹಿಂದಕ ಸರದು ನೋಡತೀನಿ,
ಮಾಲತೇಶ ಅಲ್ಲೇ ಅದಾನು.

ಏಳು ವರ್ಷದ ಬಿಸಲು ಸುತ್ತಲ ಬಣ್ಣಾನೆಲ್ಲಾ
ಹಳೇ ತುಪ್ಪದಂಗ ಹಳದಿ ಮಾಡಿತ್ತು.
ಅಕ್ಷರದ ತೆಳಗ ಮಾತ್ರ
ಶೋರೂಮಿಂದ ಬಂದ ದಿನದ ಬಿಳುಪು.
ಕಂಪೌಂಡ್ ಹಚ್ಚಿ ಉಜ್ಜಿದೆ. ಮಶೀನ್ ತಿರುವಿದೆ.
ಉಜ್ಜಿದಂಗ ಉಜ್ಜಿದಂಗ ಸುತ್ತಲದೂ ತಿಳಿ ಆತು,
ಹೆಸರು ಅದಕ್ಕಿಂತ ಒಂದು ಕೈ ಹೆಚ್ಚ ತಿಳಿ.
ಗುಡ್ಡಪ್ಪ ರಾತ್ರಿ ಲೈಟು ಬಿದ್ದರ ಮಿಂಚತಾನು,
ಇವ ಹಾಡಾಹಗಲ ಕಾಣತಾನು.

ಸಂಜಿ ಮುಂದ ಬಂದ. ಸುತ್ತು ಹಾಕಿ ನೋಡಿದ.
ಡಾಲಾದ ಹಂತೇಕ ಭಾಳೊತ್ತು ನಿಂತ.
"ಪೇಂಟ್ ಹೊಡಸಿದ್ರ ಮುಚ್ಚತೈತಿ" ಅಂದೆ.
"ಎಷ್ಟಾತು?" ಅಂದ.
ಚೌಕಾಶಿ ಮಾಡಲಿಲ್ಲ, ಅದು ಅವನ ಜಾಯಮಾನ ಅಲ್ಲ.

ಒಳಗ ಕೂತು ಲೋಟ ನೋಡಿದ,
ಎರಡೂ ಕೈಲೆ ಹಿಡದು ಒಂದ ಸಲ ತಿರುವಿದ.
ಒಳಗಿಂದಕ್ಕ ತಣ್ಣೀರು ಹಾಕಿ
ಹೊರಗಿಂದು ಬಿಸಿನೀರಾಗ ಇಟ್ಟರ ಬಿಡತಾವು.
ನಮ್ಮವ್ವ ಕಲಿಸಿದ್ದು.
ನಾ ಹೇಳಲಿಲ್ಲ.

ಗಾಡಿ ಚಾಲೂ ಮಾಡಿ, ಎಸಿ ಹಚ್ಚಿ,
ಹೊಡದನ್ರೀ ಒಂದು ಸೀನು!
"ಇನ್ನೂ ಐತಲ್ಲೋ" ಅಂದ ಗಾಜು ಇಳಿಸಿ.
ಕಾಶೀಮ ನಗಲಿಕ್ಕೆ ಹತ್ತಿದ.
ನಾನು ಪೈಪು ಸುತ್ತಿಕೋತ ನಿಂತೆ,
ಹಿಂದ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೀತಿತ್ತು.